ಡೋರಿಸ್ ಲೆಸ್ಸಿಂಗ್ ಅವರ ಬೆಕ್ಕುಗಳು: ಮಮತೆ ಮತ್ತು ನಿಷ್ಠುರತೆ

ಲೇಖಕಿ ಡೋರಿಸ್ ಲೆಸ್ಸಿಂಗ್ (1919–2013) ಬದುಕಿನ ಮೂರು ಘಟ್ಟಗಳಲ್ಲಿ ಬೆಕ್ಕುಗಳನ್ನು ಕುರಿತು ಬರೆದರು. 1967ರಲ್ಲಿ 'ಪರ್ಟಿಕ್ಯುಲರ್ಲಿ ಕ್ಯಾಟ್ಸ್' ಬಂತು. ಮುಂದೆ ಅದಕ್ಕೆ ರೂಫಸ್ ಎಂಬ ಬೀದಿಬೆಕ್ಕಿನ ಕಥನ ಸೇರಿತು. 2000ದಲ್ಲಿ, ವಯಸ್ಸು ಎಂಬತ್ತು ತುಂಬಿದ ಮೇಲೆ, 'ದಿ ಓಲ್ಡ್ ಏಜ್ ಆಫ್ ಎಲ್ ಮ್ಯಾಗ್ನಿಫಿಕೊ' ಹೊರಬಂತು. ಸಾಕುಪ್ರಾಣಿಗಳ ಬಗೆಗಿನ ಬರಹ ಒಂದೋ ಅತಿಮುದ್ದಿನಲ್ಲಿ ಜಿನುಗುತ್ತದೆ, ಇಲ್ಲವೇ ತನ್ನ ಮಮತೆಯನ್ನೇ ಗೇಲಿ ಮಾಡಿ ನುಣುಚಿಕೊಳ್ಳುತ್ತದೆ. ಈ ಬರಹಗಳು ಬಹುಮಟ್ಟಿಗೆ ಆ ಎರಡರಿಂದಲೂ ಪಾರಾಗಿವೆ.

ಈ ನಿಷ್ಠುರ ದೃಷ್ಟಿಯ ಬೇರು ಲೆಸ್ಸಿಂಗ್ ಬೆಳೆದ ದಕ್ಷಿಣ ರೊಡೇಶಿಯಾದ, ಅಂದರೆ ಇಂದಿನ ಜಿಂಬಾಬ್ವೆಯ, ಜಮೀನಿನಲ್ಲಿದೆ. ಅಲ್ಲಿ ಹೆಚ್ಚಾದ ಮರಿಗಳನ್ನು ಕೊಲ್ಲುವ ಹೊಣೆ ಲೆಸ್ಸಿಂಗ್ ಅವರ ತಾಯಿಯದು. ಒಮ್ಮೆ ಆಕೆ ಇನ್ನು ತನ್ನಿಂದಾಗದೆಂದು ಕೈಬಿಟ್ಟಾಗ ಬೆಕ್ಕುಗಳು ನಲವತ್ತರ ಹತ್ತಿರ ಬೆಳೆದವು. ಆಕೆ ಮನೆಯಲ್ಲಿಲ್ಲದ ಒಂದು ವಾರಾಂತ್ಯ ತಂದೆ ಅವನ್ನು ಕೋಣೆಯೊಳಗೆ ಕೂಡಿ ರಿವಾಲ್ವರಿನಿಂದ ಕೊಂದರು. ಮಗಳು ಜೊತೆಗಿದ್ದಳು. ಲೆಸ್ಸಿಂಗ್ ಇದನ್ನು ಮುಚ್ಚಿಡುವುದಿಲ್ಲ, ಯಾರ ಮೇಲೂ ತಪ್ಪು ಹೊರಿಸುವುದಿಲ್ಲ. ಈ ಪುಟಗಳನ್ನು ದಾಟಿ ಬಂದ ಓದುಗನಿಗೆ ಮುಂದೆ ಬರುವ ಪ್ರೀತಿ ಅಗ್ಗದ್ದೆನಿಸದು.

'ಪರ್ಟಿಕ್ಯುಲರ್ಲಿ ಕ್ಯಾಟ್ಸ್'ನಲ್ಲಿ, ಲೆಸ್ಸಿಂಗ್ ಲಂಡನ್ನಿಗೆ ಬಂದ ಮೇಲಿನ ಭಾಗದಲ್ಲಿ ವ್ಯಂಗ್ಯಕ್ಕೆ ಹೆಚ್ಚು ಜಾಗವಿದೆ. ಅಲ್ಲಿ ಸಾಕಿದ ಬೂದು ಬೆಕ್ಕಿನ ರೂಪಗರ್ವ, ಕಪ್ಪು ಬೆಕ್ಕಿನೊಡನೆ ಅದರ ಪೈಪೋಟಿ, ಹಾಸಿಗೆಯ ಮೇಲಿನ ಜಾಗಕ್ಕಾಗಿ ಹೂಟ, ಎಲ್ಲವೂ ನಗು ತರಿಸುತ್ತವೆ. ಆದರೆ ಕಪ್ಪು ಬೆಕ್ಕು ಕರುಳಿನ ಬೇನೆಯಿಂದ ಸಾವಿನಂಚಿಗೆ ಬಂದಾಗ ಧಾಟಿ ಬದಲಾಗುತ್ತದೆ. ಬದುಕುವ ಆಸೆಯನ್ನೇ ಬಿಟ್ಟಂತಿದ್ದ ಅದಕ್ಕೆ ಲೆಸ್ಸಿಂಗ್ ಹಗಲೂ ರಾತ್ರಿ ಬಲವಂತವಾಗಿ ದ್ರವ ಕುಡಿಸಿದರು. ಅದನ್ನು ಹೇಳುವಾಗ ಭಾವನೆಯ ಮಾತುಗಳು ಕಡಿಮೆ, ಮಾಡಿದ ಕೆಲಸದ ವಿವರ ಹೆಚ್ಚು. ಇಡೀ ಪುಸ್ತಕದ ಅತ್ಯುತ್ತಮ ಗದ್ಯ ಇಲ್ಲಿಯದೇ.

ಕೊನೆಯ ಪುಸ್ತಕ ಪುಟ್ಟದು, ಹೆಚ್ಚು ಮೃದು. ಎಲ್ ಮ್ಯಾಗ್ನಿಫಿಕೊ ಎಂಬ ಭಾರೀ ಬಿರುದು ಹೊತ್ತ ಬೆಕ್ಕಿಗೆ ಕ್ಯಾನ್ಸರ್ ತಗಲಿ ಮುಂಗಾಲನ್ನು ಭುಜದ ಸಮೇತ ಕತ್ತರಿಸಬೇಕಾಗುತ್ತದೆ. ಆ ಹೆಸರಿನ ಠೀವಿಗೂ ಮೂರು ಕಾಲಿನ ತಡವರಿಕೆಗೂ ನಡುವಿನ ಅಂತರದಲ್ಲೇ ವ್ಯಂಗ್ಯ ನೋವಾಗಿ ತಿರುಗುತ್ತದೆ. ಲೆಸ್ಸಿಂಗ್ ಅವರ ತಂದೆ ಮೊದಲ ಮಹಾಯುದ್ಧದಲ್ಲಿ ಕಾಲು ಕಳೆದುಕೊಂಡವರು. ಅದು ಗೊತ್ತಿದ್ದವರಿಗೆ ಈ ಪುಟಗಳು ಇನ್ನಷ್ಟು ಭಾರವೆನಿಸುತ್ತವೆ. ಬೆಕ್ಕಿನ ಅವಮಾನವನ್ನು ಮನುಷ್ಯರ ಅವಮಾನದಂತೆಯೇ ಊಹಿಸುವ ಕಡೆಗಳಲ್ಲಿ ಮಾತ್ರ ತಕ್ಕಡಿ ಭಾವುಕತೆಯ ಕಡೆಗೆ ವಾಲುತ್ತದೆ. ಅಂಥ ಕಡೆಗಳು ಕೆಲವೇ.

2007ರಲ್ಲಿ ನೊಬೆಲ್ ಪಡೆದ ಲೇಖಕಿಯ ಕಿರುಕೃತಿಗಳೆಂದು ಇವನ್ನು ಬದಿಗಿಡುವುದು ಅನ್ಯಾಯ. ಅವರ ಕಾದಂಬರಿ 'ದಿ ಗೋಲ್ಡನ್ ನೋಟ್‌ಬುಕ್' ಓದಿದವರು ಇವನ್ನೂ ಅಷ್ಟೇ ಗಂಭೀರವಾಗಿ ಓದಬೇಕು.