ಜೇಬಿಗೊಂದು ಕನ್ನ

ಮರ ಹೆರೆಯುವ ಕೀಸುಳಿಗೆ ಜಪಾನೀಯರು ‘ಕನ್ನ’ ಎನ್ನುತ್ತಾರೆ. ಎಂಥ ಅನ್ವರ್ಥನಾಮ ಎಂಬುದು ಬೆಲೆಚೀಟಿ ನೋಡಿದ ಕನ್ನಡಿಗನಿಗೆ ಮಾತ್ರ ಹೊಳೆದೀತು. ಹೆಸರಾದ ಕಮ್ಮಾರನ ಕನ್ನಕ್ಕೆ ಹತ್ತಾರು ಸಾವಿರ ಯೆನ್. ಹಾಗಾಗಿ ನವೆಂಬರ್ ಮೊದಲ ವಾರಾಂತ್ಯ ಮಿಕಿ ಊರಿನ ಹತ್ಯಾರುಗಳ ಜಾತ್ರೆಗೆ ಹೊರಟಾಗ ನನ್ನಾಕೆ ಪರ್ಸನ್ನು ತನ್ನ ಚೀಲಕ್ಕೇ ಹಾಕಿಕೊಂಡಳು.

ಕೋಬೆಯಿಂದ ಗುಡ್ಡ ಬಳಸಿ ಏದುಸಿರು ಬಿಡುತ್ತ ಹೋಗುವ ಪುಟ್ಟ ರೈಲು. 1578ರಿಂದ 1580ರವರೆಗೆ ಸೇನಾನಿ ಹಿದೆಯೋಶಿ ಮಿಕಿಯ ಕೋಟೆಗೆ ಮುತ್ತಿಗೆ ಹಾಕಿ, ಒಳಗಿದ್ದವರನ್ನು ಹಸಿವಿನಿಂದಲೇ ಮಣಿಸಿದ. ದೊರೆ ಬೆಶ್ಶೊ ನಗಹರು ಪ್ರಾಣ ಕಳೆದುಕೊಂಡ. ಹಾಳುಬಿದ್ದ ಊರನ್ನು ಎಬ್ಬಿಸಲು ಗೆದ್ದವನೇ ತೆರಿಗೆ ಮಾಫಿ ಮಾಡಿದ. ಮನೆ ಕಟ್ಟಲು ಬಡಗಿಗಳು ಬಂದರು, ಬಡಗಿಗಳ ಬೆನ್ನಿಗೆ ಕಮ್ಮಾರರು. ಕುಲುಮೆಗಳು ಇಂದಿಗೂ ಆರಿಲ್ಲ.

ಸಾವಿರಾರು ಹತ್ಯಾರು ಜೋಡಿಸಿ ರೆಕ್ಕೆ ಬಿಚ್ಚಿ ನಿಲ್ಲಿಸಿದ ಹದ್ದಿನ ಮುಂದೆ ಎಲ್ಲರಂತೆ ನಾವೂ ಫೋಟೊ ತೆಗೆಸಿಕೊಂಡೆವು. ಅದಾದ ಮೇಲೆ ನನ್ನ ಕಾಲು ತಾನಾಗಿ ಕೀಸುಳಿಯ ಮಳಿಗೆಯತ್ತ ನಡೆಯಿತು.

ಅಲ್ಲಿದ್ದ ಮುದುಕಪ್ಪ ನಮ್ಮ ಮಗಳ ಕೈಗೆ ಕನ್ನ ಕೊಟ್ಟರು. ಅವಳು ಮುಂದಕ್ಕೆ ನೂಕಿದಳು. ಅಜ್ಜ ನಕ್ಕು, ತಮ್ಮ ಎದೆಯತ್ತ ಕೈ ಎಳೆದುಕೊಂಡು ತೋರಿಸಿದರು: ಇಲ್ಲಿ ಗರಗಸವನ್ನೂ ಕೀಸುಳಿಯನ್ನೂ ಎಳೆಯಬೇಕು, ತಳ್ಳಬಾರದು. ಎಳೆಯುವಾಗ ಗರಗಸದ ತಗಡು ಬಿಗಿಯಾಗಿ ನೆಟ್ಟಗಿರುತ್ತದೆ, ಬಾಗುವುದಿಲ್ಲ. ಅದಕ್ಕೇ ತಗಡು ತೆಳ್ಳಗಿದ್ದರೂ ನಡೆಯುತ್ತದೆ. ಎರಡನೇ ಸಲ ಮಗಳು ಎಳೆದಾಗ ಹಿನೊಕಿ ಮರದಿಂದ ಮೊಳದುದ್ದದ ಹೊಟ್ಟೊಂದು ಎದ್ದು, ಸುರುಳಿ ಬಿಚ್ಚಿ, ಅವಳ ಮೊಣಕೈ ಮೇಲೆ ಬಿತ್ತು. ನೀರುಳ್ಳಿ ಸಿಪ್ಪೆಯಂಥದು, ಆಚೆಗಿದ್ದ ಬೆರಳಿನ ಗೆರೆ ಕಾಣುತ್ತಿತ್ತು. ಹೊಟ್ಟು ಎಷ್ಟು ತೆಳ್ಳಗೆ ಬರುತ್ತದೆಂದು ಪಂದ್ಯ ಕಟ್ಟುವ ಬಡಗಿಗಳು ಈ ದೇಶದಲ್ಲಿದ್ದಾರೆ. ಹತ್ತು ಮೈಕ್ರಾನಿಗಿಂತ ಕಡಿಮೆ ತೆಗೆಯುತ್ತಾರೆ. ನಮ್ಮ ತಲೆಗೂದಲು ಎಪ್ಪತ್ತರ ಆಸುಪಾಸು!

ಅಲಗಿನ ಗುಟ್ಟು ನಮಗೆ ಹೊಸದಲ್ಲ. ಮೆದು ಕಬ್ಬಿಣದ ಮೈಗೆ ಗಟ್ಟಿ ಉಕ್ಕಿನ ತೆಳು ಪದರ ಬೆಸೆಯುತ್ತಾರೆ. ಕೊಡಲಿ ಸವೆದರೆ ಕುಲುಮೆಗೊಯ್ದು ಉಕ್ಕು ಹಾಕಿಸುತ್ತಿದ್ದ ಊರಿನವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವರು ಸೇರಿಸಿದ ಜಾಣತನವೆಂದರೆ ಅಲಗಿನ ಬೆನ್ನನ್ನು ಕೊಂಚ ತಗ್ಗು ಮಾಡಿರುವುದು. ಸಾಣೆಕಲ್ಲಿಗೆ ಅಂಚು ಮಾತ್ರ ತಾಗುತ್ತದೆ, ಬೆನ್ನು ಮಟ್ಟ ಮಾಡುವ ಶ್ರಮ ಅರ್ಧ ಉಳಿಯುತ್ತದೆ. ಹಬ್ಬವೂ ನಮಗೆ ಹೊಸದಲ್ಲ: ನವೆಂಬರ್ 8 ಇವರ ತಿದಿಯ ಹಬ್ಬ. ಕಮ್ಮಾರರು ಅಂದು ತಿದಿಗೆ ಪೂಜೆ ಮಾಡುತ್ತಾರೆ. ನಮ್ಮ ಆಯುಧಪೂಜೆ ಮುಗಿದು ಕುಂಬಳಕಾಯಿ ಕಲೆ ಆರುವಷ್ಟರಲ್ಲಿ.

ಅಗ್ಗದ ಗರಗಸಗಳ ರಾಶಿಯ ಮುಂದೆ ಜನ ಮುಗಿಬಿದ್ದಿದ್ದರು. ಅವುಗಳ ಹಲ್ಲನ್ನು ವಿದ್ಯುತ್ತಿನಿಂದ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಮೊಂಡಾದರೆ ಅರ ಹಿಡಿಯುವುದಿಲ್ಲ, ಅಲಗು ಎಸೆದು ಬೇರೆ ಹಾಕಿಕೊಳ್ಳಬೇಕು. ಪಕ್ಕದಲ್ಲೇ ಹಲ್ಲು ಹರಿತ ಮಾಡುವವರೊಬ್ಬರು ಗರಗಸವನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಸುತ್ತಿಗೆಯಿಂದ ಒಂದೇ ಏಟು ಹಾಕಿ, ಮತ್ತೆ ಬೆಳಕಿಗೆ ಹಿಡಿಯುತ್ತಿದ್ದರು. ಅವರ ಮುಂದೆ ಸಾಲೇನೂ ಇರಲಿಲ್ಲ. ಅಗ್ಗದ್ದು ಚೆನ್ನಾಗಿಯೇ ಕೊಯ್ಯುತ್ತದೆ, ಒಪ್ಪುತ್ತೇನೆ. ಆದರೂ ನನ್ನ ಓಟು ಸುತ್ತಿಗೆಗೆ.

ಕನ್ನ ಕೊಳ್ಳಲಿಲ್ಲ. ಅದು ಬರುವುದೇ ಅರೆಬೆಂದು: ಓಕ್ ಮರದ ಮೈಗೆ ಅಲಗನ್ನು ಹೊಂದಿಸಿ ಕೂರಿಸಿಕೊಳ್ಳುವ ಕೆಲಸ ಕೊಂಡವನದು. ಸಾಣೆಕಲ್ಲು ಕೈಗೆ ಒಗ್ಗದವನು ಅದಕ್ಕೆ ದುಡ್ಡು ಸುರಿಯುವುದು ದಂಡ. ಒಂದು ಉಳಿ ತಂದೆ. ಅದೂ ಸಿದ್ಧವಿರುವುದಿಲ್ಲ. ಹಿಡಿಯ ತಲೆಯ ಕಬ್ಬಿಣದ ಬಳೆ ಕಳಚಿ, ಒಳಗೆ ಅರ ಆಡಿಸಿ, ಹಿಡಿಯ ತುದಿಯನ್ನು ಸುತ್ತಿಗೆಯಿಂದ ಬಡಿದು ಕುಗ್ಗಿಸಿ, ಬಳೆ ಮತ್ತೆ ತೊಡಿಸಬೇಕು. ಹೀಗೆ ಬಡಿಯುವುದಕ್ಕೆ ಇವರು ಕೊಟ್ಟಿರುವ ಹೆಸರು ‘ಮರ ಕೊಲ್ಲುವುದು’.

ರಾತ್ರಿ ಕೊಲ್ಲುತ್ತ ಕೂತಿದ್ದೆ.

“ಏನ್ರೀ, ಹೊಸಾದನ್ನ ತಂದು ಮೊದಲನೇ ದಿನವೇ ರಿಪೇರಿನಾ?” ಎಂದಳು ನನ್ನಾಕೆ, ಜಾತ್ರೆಯಿಂದ ತಾನು ತಂದಿದ್ದ ಎರಡು ಅಡುಗೆಚಾಕುಗಳನ್ನು ಒರೆಸಿಡುತ್ತ.