‘ಹೇಗೆ ಗೊತ್ತಾಯಿತು?’: ಪಳೆಯುಳಿಕೆ ಮತ್ತು ನಮ್ಮ ಮಕ್ಕಳ ವಿಜ್ಞಾನ ಬರಹ

ಪಳೆಯುಳಿಕೆಗಳ ಬಗ್ಗೆ ಮಕ್ಕಳಿಗಾಗಿ ಕನ್ನಡದಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ‘ಕೋಟ್ಯಂತರ ವರ್ಷಗಳ ಹಿಂದೆ’ ಎಂದು ಶುರುವಾಗುತ್ತವೆ. ಆಮೇಲೆ ಡೈನೋಸಾರ್ ಬರುತ್ತದೆ; ಅದರ ಉದ್ದ, ತೂಕ, ಹಲ್ಲಿನ ಗಾತ್ರದ ವಿವರಗಳು ಬರುತ್ತವೆ; ಕೊನೆಗೆ ಆಕಾಶದಿಂದ ಬಂಡೆಯೊಂದು ಬಿದ್ದು ಎಲ್ಲ ಮುಗಿಯುತ್ತದೆ. ಮಾಹಿತಿ ಸರಿಯಾಗಿಯೇ ಇರಬಹುದು. ಆದರೆ ಇದನ್ನು ಓದುವ ಹತ್ತು ವರ್ಷದ ಹುಡುಗಿಗೆ ಈ ಆರಂಭಕ್ಕೂ ಅಜ್ಜಿ ಹೇಳುವ ‘ಒಂದಾನೊಂದು ಕಾಲದಲ್ಲಿ’ ಎಂಬುದಕ್ಕೂ ಏನು ವ್ಯತ್ಯಾಸ ಕಾಣಬೇಕು? ಎರಡನ್ನೂ ಅವಳು ಹೇಳಿದವರ ಮೇಲಿನ ನಂಬಿಕೆಯಿಂದಲೇ ಒಪ್ಪಬೇಕು. ಅಜ್ಜಿಯ ಕಥೆಗೆ ಅಷ್ಟು ಸಾಕು. ಪಳೆಯುಳಿಕೆಯ ವಿಚಾರದಲ್ಲಿ ಮಾತ್ರ ‘ಹೇಗೆ ಗೊತ್ತಾಯಿತು?’ ಎಂಬ ಪ್ರಶ್ನೆಯೇ ಮುಖ್ಯ ಕಥೆ. ನಮ್ಮ ಬರಹಗಳು ಬಿಟ್ಟುಬಿಡುವುದು ಅದನ್ನೇ.

ಒಂದು ಉದಾಹರಣೆ ನೋಡೋಣ. ಗುಜರಾತಿನ ಢೋಲಿ ಡುಂಗರಿ ಎಂಬ ಹಳ್ಳಿಯ ಬಳಿ 1980ರ ದಶಕದಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅವರಿಗೆ ಡೈನೋಸಾರ್ ಮೊಟ್ಟೆಗಳಿದ್ದ ಕಲ್ಲಿನ ತುಂಡೊಂದು ಸಿಕ್ಕಿತು. ಮೊಟ್ಟೆಗಳ ಪಕ್ಕದಲ್ಲಿ ಸಣ್ಣ ಮೂಳೆಗಳಿದ್ದವು. ಅವೆಲ್ಲ ಆಗಷ್ಟೇ ಹೊರಬಂದ ಮರಿಯ ಮೂಳೆಗಳೆಂದು ಅವರು ಓದಿದರು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಅದೇ ಕಲ್ಲನ್ನು ನೋಡಿದಾಗ ಕೆಲವು ಮೂಳೆಗಳು ಬೇರೆಯಾಗಿ ಕಂಡವು. ಬೆನ್ನೆಲುಬಿನ ಮಣಿಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದ ರೀತಿ ಹಾವಿನದು. 2010ರಲ್ಲಿ ಪ್ರಕಟವಾದ ಸಂಶೋಧನೆ ಆ ಕಲ್ಲನ್ನು ಪೂರ್ತಿಯಾಗಿ ಮರು ಓದಿತು: ಸುಮಾರು 6.7 ಕೋಟಿ ವರ್ಷಗಳ ಹಿಂದೆ, ಮೂರೂವರೆ ಮೀಟರ್ ಉದ್ದದ ಹಾವೊಂದು ಒಡೆದ ಮೊಟ್ಟೆಯನ್ನು ಸುತ್ತಿಕೊಂಡಿದೆ. ಪಕ್ಕದಲ್ಲಿ ಅರ್ಧ ಮೀಟರಿನ ಮರಿ. ಹಾವಿಗೆ ‘ಸನಜೆ ಇಂಡಿಕಸ್’ ಎಂದು ಹೆಸರಿಟ್ಟರು. ಇಂದಿನ ಹೆಬ್ಬಾವಿನಷ್ಟು ಅಗಲವಾಗಿ ಬಾಯಿ ತೆರೆಯಲು ಅದರ ದವಡೆಗೆ ಆಗುತ್ತಿರಲಿಲ್ಲ. ಹಾಗಾಗಿ ಮೊಟ್ಟೆಯನ್ನು ಇಡಿಯಾಗಿ ನುಂಗುವ ಬದಲು ಮರಿಯನ್ನು ಹಿಡಿಯುತ್ತಿದ್ದಿರಬೇಕು ಎಂಬುದು ಅವರ ಊಹೆ. ಅಷ್ಟರಲ್ಲಿ ಮರಳು ಕುಸಿದು ಬೇಟೆ, ಬೇಟೆಗಾರ ಎರಡನ್ನೂ ಮುಚ್ಚಿತು.

ಸಾಹಿತ್ಯದ ವಿದ್ಯಾರ್ಥಿಗೆ ಇದು ಪರಿಚಿತ ಸಂಗತಿ. ಪಠ್ಯ ಒಂದೇ, ಓದು ಎರಡು. ಎರಡನೆಯ ಓದು ಮೊದಲನೆಯದನ್ನು ತಿದ್ದಿತು. ಗಮನಿಸಬೇಕಾದ್ದೆಂದರೆ, ಮೊಹಬೆ 2010ರ ಆ ಪ್ರಬಂಧದ ಲೇಖಕರಲ್ಲಿಯೂ ಒಬ್ಬರು. ತನ್ನ ಹಿಂದಿನ ಓದನ್ನು ತಾನೇ ಜೊತೆಗೆ ನಿಂತು ತಿದ್ದುವುದು ವಿಜ್ಞಾನದಲ್ಲಿ ಅವಮಾನವಲ್ಲ ಎಂಬುದನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ಇಷ್ಟಾದರೂ ನಮ್ಮ ಮಕ್ಕಳ ಚಿತ್ರಪುಸ್ತಕಗಳಲ್ಲಿ ಘರ್ಜಿಸುವುದು ಇಂದಿಗೂ ಅಮೆರಿಕದ ಟಿ. ರೆಕ್ಸ್. ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತ, ಗೋದಾವರಿ ಕಣಿವೆಯ ‘ಬರಪಾಸಾರಸ್ ಟಾಗೋರೈ’ ಎಂಬ ಡೈನೋಸಾರ್ ಇದೆಯೆಂದು ತಿಳಿದ ಮಕ್ಕಳು ಎಷ್ಟು ಮಂದಿ?

ಮಕ್ಕಳಿಗೆ ಬೇಕಿರುವುದು ಬೆರಗು, ತರ್ಕವಲ್ಲ ಎಂದು ಕೆಲವರು ಹೇಳಬಹುದು. ಕನ್ನಡದಲ್ಲೇ ಇದಕ್ಕೆ ಉತ್ತರವಿದೆ. ತೇಜಸ್ವಿಯವರ ‘ಕರ್ವಾಲೊ’ (1980) ಮಕ್ಕಳಿಗೆಂದು ಬರೆದದ್ದಲ್ಲ. ಆದರೂ ಹೈಸ್ಕೂಲಿನವರೂ ಅದನ್ನು ಉಸಿರು ಬಿಗಿಹಿಡಿದು ಓದುತ್ತಾರೆ. ಅಲ್ಲಿ ಹಾರುವ ಓತಿಯ ಉದ್ದ, ತೂಕಗಳ ಪಟ್ಟಿ ನಮ್ಮನ್ನು ಹಿಡಿದಿಡುವುದಿಲ್ಲ. ಮಂದಣ್ಣ ನಿಜವಾಗಿಯೂ ಅದನ್ನು ನೋಡಿದನೇ, ಅವನ ಮಾತನ್ನು ನಂಬಬಹುದೇ, ನಂಬಿದರೆ ಹುಡುಕುವುದು ಹೇಗೆ ಎಂಬ ಅನುಮಾನಗಳೇ ಕಾದಂಬರಿಯನ್ನು ನಡೆಸುತ್ತವೆ. ಕೊನೆಯಲ್ಲಿ ಓತಿ ಪ್ರಪಾತದತ್ತ ತೇಲಿಹೋದಾಗ ಪ್ರಶ್ನೆ ಓದುಗನ ಕೈಯಲ್ಲಿ ಉಳಿಯುತ್ತದೆ. ತರ್ಕ ಮತ್ತು ಬೆರಗು ಅಲ್ಲಿ ಬೇರೆಬೇರೆಯಾಗಿಲ್ಲ.

ಕರ್ನಾಟಕದ ಮಗುವಿಗೆ ಈ ಕೆಲಸವನ್ನು ಮನೆಯ ಹತ್ತಿರದಿಂದಲೇ ಆರಂಭಿಸಬಹುದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರಲ್ಲಿ ಡೈನೋಸಾರ್ ಮೂಳೆ ಯಾಕಿಲ್ಲ? ಬಂಡೆ ಹುಟ್ಟುವಾಗ ಭೂಮಿಯ ಮೇಲೆ ಮೂಳೆಯಿರುವ ಪ್ರಾಣಿಯೇ ಇರಲಿಲ್ಲ. ಭೂಮಿಯೊಳಗಿನ ಕಾವಿನಲ್ಲಿ ರೂಪುಗೊಂಡ ಇಂಥ ಬಂಡೆಯಲ್ಲಿ ಪಳೆಯುಳಿಕೆ ಉಳಿಯುವುದೂ ಕಷ್ಟ. ಬಾಗಲಕೋಟೆ ಕಡೆಯ ಹಳೆಯ ಸುಣ್ಣಕಲ್ಲಿನಲ್ಲಾದರೋ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಹಲ್ಲು, ಉಗುರು ಯಾವುದೂ ಇಲ್ಲದ, ನೂರು ಕೋಟಿ ವರ್ಷಕ್ಕೂ ಹಿಂದಿನ ಆ ಬದುಕನ್ನು ಮಗು ಕೈಯಿಂದ ಮುಟ್ಟಿ ನೋಡಬಹುದು.

‘ಪಳೆಯುಳಿಕೆ’ ಎಂಬ ಪದವನ್ನೇ ಪಾಠ ಮಾಡಬಹುದು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳೆಯದು ಹಳೆಯದಾಯಿತು. ಈ ಪದದಲ್ಲಿ ಮಾತ್ರ ಆ ‘ಪ’ಕಾರ ಹಾಗೇ ಉಳಿದಿದೆ. ಪದವನ್ನು ಕಟ್ಟಿದವರು ಹಳಗನ್ನಡದಿಂದ ಅದನ್ನು ಎತ್ತಿ ತಂದದ್ದು. ಹಾಗಾಗಿ ಅದು ಮ್ಯೂಸಿಯಮ್ಮಿನ ಅಚ್ಚಿನಂಥದ್ದು. ಆದರೂ ಉಳಿದ ಒಂದು ಚೂರಿನಿಂದ ಹೋದದ್ದನ್ನು ಊಹಿಸುವುದು ಹೇಗೆಂದು ಅದು ಕಲಿಸುತ್ತದೆ.

ಇದೆಲ್ಲ ಈಗ ಯಾಕೆ ಮುಖ್ಯ? ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ‘ಅನುವಂಶೀಯತೆ ಮತ್ತು ವಿಕಾಸ’ ಎಂಬ ಅಧ್ಯಾಯವಿತ್ತು. ಪುಟಗಳ ಹೊರೆ ಇಳಿಸುವ ಹೆಸರಿನಲ್ಲಿ ವಿಕಾಸದ ಭಾಗ ಹೋಗಿ ಅನುವಂಶೀಯತೆಯಷ್ಟೇ ಉಳಿಯಿತು. ಪಳೆಯುಳಿಕೆಗಳ ಪಾಠ ಇದ್ದದ್ದು ಆ ಹೋದ ಭಾಗದಲ್ಲಿ. ಹತ್ತನೇ ತರಗತಿಯ ನಂತರ ಜೀವಶಾಸ್ತ್ರ ಓದದ ಮಕ್ಕಳಿಗೆ ಶಾಲೆಯಲ್ಲಿ ಇನ್ನೊಂದು ಅವಕಾಶವಿಲ್ಲ. ಅದನ್ನು ವಿರೋಧಿಸಲೇಬೇಕು. ಜೊತೆಗೆ ನಮ್ಮನ್ನೂ ಕೇಳಿಕೊಳ್ಳಬೇಕು: ಆ ಪಾಠ ಇದ್ದಾಗ ಎಷ್ಟು ಮಕ್ಕಳು ಅದನ್ನು ಸಾಕ್ಷ್ಯವಾಗಿ ಓದಿದರು, ಎಷ್ಟು ಮಂದಿ ಎರಡು ಅಂಕದ ಪ್ರಶ್ನೆಯಾಗಿ ಓದಿದರು? ಬಾಯಿಪಾಠದ ಉತ್ತರ ಪುಸ್ತಕದಿಂದ ಹೋದರೆ ಮಗುವಿಗೆ ಗೊತ್ತಾಗುವುದೂ ಇಲ್ಲ. ತಾನೇ ಕೇಳಿ ಕಂಡುಕೊಂಡ ಉತ್ತರವನ್ನು ಅಷ್ಟು ಸುಲಭವಾಗಿ ಅಳಿಸಲಾಗದು. ಪಠ್ಯಪುಸ್ತಕ ಬಿಟ್ಟ ಜಾಗದಲ್ಲಿ ಮಕ್ಕಳಿಗಾಗಿ ಬರೆಯಲಿರುವ ಕನ್ನಡದ ಲೇಖಕರು ಡೈನೋಸಾರನ್ನು ತರುವ ಮೊದಲು ಒಂದು ಕಲ್ಲು, ಒಂದು ಮೂಳೆ, ಒಂದು ಅನುಮಾನದಿಂದ ಶುರುಮಾಡಲಿ.