ಅಲೆಯಂಚಿನ ಹಿಂಡು ಮತ್ತು ಕಾಣದ ದಾರಿ

ವಲಸೆ ಹಕ್ಕಿಗಳ ಬಗ್ಗೆ ಬರೆಯುವವರಿಗೆಲ್ಲ ಒಂದು ತೊಡಕಿದೆ. ಅವರು ವಲಸೆಯನ್ನು ನೋಡಿರುವುದಿಲ್ಲ, ತಂಗುದಾಣವನ್ನು ಮಾತ್ರ ನೋಡಿರುತ್ತಾರೆ. ಶರತ್ಕಾಲದಲ್ಲಿ ಕಡಲಂಚಿನಲ್ಲಿ ನಿಂತವರಿಗೆ ಉತ್ತರದಿಂದ ಬಂದಿಳಿದ ಹಿಂಡು ಕಾಣುತ್ತದೆ. ಅದು ಒದ್ದೆ ಮರಳಿನಲ್ಲಿ ಓಡಾಡಿ ಹೊಟ್ಟೆ ತುಂಬಿಸಿಕೊಳ್ಳುವುದು ಕಾಣುತ್ತದೆ. ಒಂದು ಬೆಳಿಗ್ಗೆ ಅದು ಅಲ್ಲಿಲ್ಲ ಎಂಬುದೂ ಗೊತ್ತಾಗುತ್ತದೆ. ಹಿಂದಿನ ಸಾವಿರಾರು ಕಿಲೋಮೀಟರ್, ಮುಂದಿನ ಸಾವಿರಾರು ಕಿಲೋಮೀಟರ್ ಎರಡೂ ಕಣ್ಣಿನ ಅಳವಿಗೆ ಹೊರಗಿನವು. ಆ ಖಾಲಿ ಜಾಗವನ್ನು ಬರಹಗಾರ ಏನು ಮಾಡುತ್ತಾನೆ? ಈ ಬಗೆಯ ಪುಸ್ತಕ ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದು. ಉತ್ತರ ಅಮೆರಿಕದ ಅಟ್ಲಾಂಟಿಕ್ ಕರಾವಳಿಗೆ ಸಂಬಂಧಿಸಿದ ಮೂರು ಪುಸ್ತಕಗಳು ಇದಕ್ಕೆ ಮೂರು ಬೇರೆ ಬೇರೆ ಉತ್ತರ ಕೊಡುತ್ತವೆ: ಹೆನ್ರಿ ಬೆಸ್ಟನ್ ಅವರ ‘ದಿ ಔಟರ್‌ಮೋಸ್ಟ್ ಹೌಸ್’ (1928), ರೇಚೆಲ್ ಕಾರ್ಸನ್ ಅವರ ‘ಅಂಡರ್ ದಿ ಸೀ ವಿಂಡ್’ (1941) ಮತ್ತು ಫ್ರೆಡ್ ಬಾಡ್ಸ್‌ವರ್ತ್ ಅವರ ‘ಲಾಸ್ಟ್ ಆಫ್ ದಿ ಕರ್ಲ್ಯೂಸ್’ (1955).

ಪ್ರಶ್ನೆ ನಮಗೆ ಹೊಸದೇನಲ್ಲ. ಕಾಳಿದಾಸನ ‘ಮೇಘದೂತ’ದಲ್ಲಿ ಮಳೆಗಾಲದ ಮೋಡದ ಜೊತೆಗೆ ರಾಜಹಂಸಗಳು ಮಾನಸಸರೋವರದ ಕಡೆಗೆ ಹೊರಡುತ್ತವೆ. ಹಕ್ಕಿಗಳು ಎಲ್ಲಿಗೆ ಹೋಗುತ್ತವೆ ಎಂಬ ಖಾಲಿ ಜಾಗವನ್ನು ನಮ್ಮ ಪರಂಪರೆ ಒಂದು ಪವಿತ್ರ ಸರೋವರದಿಂದ ತುಂಬಿತು. ಆ ಕಲ್ಪನೆ ಪೂರಾ ಗಾಳಿಯದಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದ ಆಚೆಯ ಎತ್ತರದ ಜೌಗುಗಳಲ್ಲಿ ಮರಿ ಮಾಡುವಂಥವೇ. ಆದರೆ ಕಡಲಂಚಿನ ಸಣ್ಣ ಹಕ್ಕಿಗಳಿಗೆ ಅಂಥ ಭಾಗ್ಯ ದೊರೆತಂತಿಲ್ಲ. ಅಲೆ ಹಿಂದೆ ಸರಿದಾಗ ಓಡಿಹೋಗಿ ಮರಳು ಕುಕ್ಕಿ, ಅಲೆ ಬಂದಾಗ ಓಡಿ ಬರುವ ಬೊಗಸೆಯಷ್ಟು ಗಾತ್ರದ ಸ್ಯಾಂಡರ್ಲಿಂಗ್ ಕೂಡ ಆರ್ಕ್ಟಿಕ್ ತುಂದ್ರಾದಿಂದ ನಮ್ಮ ಕರಾವಳಿಯವರೆಗೆ ಬರುತ್ತದೆ. ಅದಕ್ಕೊಂದು ಸರೋವರವನ್ನು ಕಲ್ಪಿಸಿಕೊಟ್ಟ ಕವಿಯನ್ನು ನಾನು ಓದಿಲ್ಲ.

ಮೊದಲು ಬೆಸ್ಟನ್. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಎಂಬ ಚಾಚುಭೂಮಿಯ ಹೊರಅಂಚಿನಲ್ಲಿ, ಈಸ್ಟ್‌ಹ್ಯಾಮ್ ಊರಿನ ಮರಳುದಿಣ್ಣೆಯ ಮೇಲೆ ಅವರು ಎರಡು ಕೋಣೆಯ ಪುಟ್ಟ ಮನೆ ಕಟ್ಟಿಸಿದರು. 1926ರ ಸೆಪ್ಟೆಂಬರ್‌ನಲ್ಲಿ ಎರಡು ವಾರ ಇದ್ದು ಬರೋಣವೆಂದು ಹೋದವರು ಹಿಂತಿರುಗಲಾಗದೆ ವರ್ಷವಿಡೀ ಉಳಿದರು. ಆ ವರ್ಷದ ಬರಹವೇ ಈ ಪುಸ್ತಕ. ಇದರ ಒಂದು ಪ್ಯಾರಾ ಇಂದಿಗೂ ಭಿತ್ತಿಪತ್ರಗಳಲ್ಲಿ, ಪ್ರಾಣಿದಯೆಯ ಕರಪತ್ರಗಳಲ್ಲಿ ಓಡಾಡುತ್ತದೆ. ಪ್ರಾಣಿಗಳನ್ನು ಮನುಷ್ಯನ ಅಳತೆಗೋಲಿನಿಂದ ಅಳೆಯಬಾರದು, ಅವು ನಮ್ಮ ತಮ್ಮಂದಿರೂ ಅಲ್ಲ, ನಮ್ಮ ಆಳುಗಳೂ ಅಲ್ಲ, ಬೇರೆಯೇ ಜನಾಂಗಗಳು ಎಂಬುದು ಅದರ ತಿರುಳು. ಈ ಮಾತನ್ನು ಎಲ್ಲೆಲ್ಲೋ ಕಂಡವರು ಅದು ಯಾವುದೋ ತತ್ವಶಾಸ್ತ್ರದ ಗ್ರಂಥದ್ದು ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಅದು ಬರುವುದು ಶರತ್ಕಾಲದ ಹಕ್ಕಿಗಳ ಅಧ್ಯಾಯದಲ್ಲಿ, ಪುಸ್ತಕದ ಎರಡನೆಯ ಅಧ್ಯಾಯದಲ್ಲಿ.

ಅಲ್ಲಿಗೆ ಬೆಸ್ಟನ್ ಹೇಗೆ ತಲುಪುತ್ತಾರೆ ಎಂಬುದು ಮುಖ್ಯ. ದಕ್ಷಿಣಕ್ಕೆ ಹೊರಟ ನೀರಂಚಿನ ಹಕ್ಕಿಗಳು ಮರಳಿನ ಮೇಲೆ ಚೆದುರಿ ಮೇಯುತ್ತಿರುತ್ತವೆ. ಪ್ರತಿಯೊಂದೂ ತನ್ನ ಪಾಡಿಗೆ ತಾನು. ಏನೋ ಆಗುತ್ತದೆ, ಮರುಕ್ಷಣ ಅವೆಲ್ಲ ಒಟ್ಟಿಗೆ ಮೇಲೆದ್ದು ನಕ್ಷತ್ರಪುಂಜದಂತೆ ಒಂದೇ ಆಕಾರವಾಗುತ್ತವೆ. ಒಟ್ಟಿಗೆ ತಿರುಗುತ್ತವೆ, ಒಟ್ಟಿಗೆ ಬೆಳ್ಳಗಾಗುತ್ತವೆ, ಒಟ್ಟಿಗೆ ಕಂದಾಗುತ್ತವೆ. ಯಾರ ಅಪ್ಪಣೆ ಇದು? ಪ್ರಾಣಿಗಳೆಂದರೆ ಯಂತ್ರಗಳು ಎಂದ ದೆಕಾರ್ತನ ಮಾತನ್ನು ಬೆಸ್ಟನ್ ಇಲ್ಲಿ ಎತ್ತಿಕೊಂಡು, ಈ ಹಿಂಡನ್ನು ನೋಡಿದ ಮೇಲೂ ಅದನ್ನು ನಂಬುವುದು ಹೇಗೆ ಎಂದು ಕೇಳುತ್ತಾರೆ. ಬೇರೆ ಜನಾಂಗದ ಮಾತು ಬರುವುದು ಇದಾದ ಮೇಲೆ. ಮೊದಲು ಕಂಡದ್ದು, ಆಮೇಲೆ ಬೆರಗು, ಕೊನೆಗೆ ತೀರ್ಮಾನ. ಭಿತ್ತಿಪತ್ರದಲ್ಲಿ ತೀರ್ಮಾನ ಮಾತ್ರ ಉಳಿದಿದೆ. ಹಾಗಾಗಿ ಅದು ಉಪದೇಶದಂತೆ ಕೇಳುತ್ತದೆ.

ಈ ಅಧ್ಯಾಯವನ್ನು ಓದುವಾಗ ನನಗೆ ಬೆಸ್ಟನ್ ಅವರ ಇನ್ನೊಂದು ಬದುಕು ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನ ರಣರಂಗದಲ್ಲಿ ಸ್ವಯಂಸೇವಕರಾಗಿ ಆಂಬುಲೆನ್ಸ್ ಓಡಿಸಿದವರು. ಅದರ ಬಗ್ಗೆ 1916ರಲ್ಲೇ ಒಂದು ಪುಸ್ತಕ ಬರೆದವರು. ಅಪ್ಪಣೆಯ ಮೇರೆಗೆ ಸಾವಿರಾರು ಜನ ಒಟ್ಟಿಗೆ ಎದ್ದು ನಡೆದು ಸಾಯುವ ಯುದ್ಧವನ್ನು ಹತ್ತಿರದಿಂದ ಬಲ್ಲ ಮನುಷ್ಯ, ಹತ್ತು ವರ್ಷದ ನಂತರ ನಿರ್ಜನ ತೀರದಲ್ಲಿ, ಸೇನಾಪತಿಯೇ ಇಲ್ಲದ ಒಂದು ಸಮೂಹ ಒಂದೇ ಮನಸ್ಸಿನಿಂದ ತಿರುಗುವುದನ್ನು ನೋಡುತ್ತಾನೆ. ಬೆಸ್ಟನ್ ಈ ಹೋಲಿಕೆ ಮಾಡುವುದಿಲ್ಲ, ಮಾಡುತ್ತಿರುವವನು ನಾನು. ಆದರೆ ಆ ಬೆರಗಿನ ತೀವ್ರತೆಗೆ ಬರೀ ಪಕ್ಷಿಪ್ರೇಮ ಕಾರಣವೆಂದು ನನಗೆ ಅನಿಸುವುದಿಲ್ಲ.

ಅವರ ಪ್ರಶ್ನೆಗೆ ವಿಜ್ಞಾನದ ಒಂದು ಉತ್ತರ ಬಂದದ್ದು 1984ರಲ್ಲಿ. ವೇಯ್ನ್ ಪಾಟ್ಸ್ ಎಂಬ ವಿಜ್ಞಾನಿ ಡನ್ಲಿನ್ ಹಕ್ಕಿಗಳ ಹಿಂಡನ್ನು ಚಿತ್ರೀಕರಿಸಿ, ಒಂದೊಂದೇ ಚೌಕಟ್ಟನ್ನು ಪರಿಶೀಲಿಸಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಪ್ಪಣೆ ಕೊಡುವ ನಾಯಕ ಹಕ್ಕಿ ಇಲ್ಲ. ಒಂದು ಹಕ್ಕಿ ವಾಲಿದರೆ ಆ ವಾಲುವಿಕೆ ಅಲೆಯಂತೆ ಹಿಂಡಿನಲ್ಲಿ ಹರಡುತ್ತದೆ. ದೂರದ ಹಕ್ಕಿಗಳು ಅಲೆ ಬರುವುದನ್ನು ಮೊದಲೇ ಕಂಡು ಸಿದ್ಧವಾಗಿರುವುದರಿಂದ, ಒಂಟಿ ಹಕ್ಕಿ ಬೆಚ್ಚಿ ಪ್ರತಿಕ್ರಿಯಿಸುವುದಕ್ಕಿಂತ ಬೇಗ ಅದು ದಾಟಿಹೋಗುತ್ತದೆ. ಸಾಲಾಗಿ ನಿಂತು ಕುಣಿಯುವ ನರ್ತಕಿಯರು ಒಬ್ಬರಿಂದೊಬ್ಬರಿಗೆ ಹೆಜ್ಜೆ ದಾಟಿಸುವ ಹಾಗೆ. ಇದನ್ನು ತಿಳಿದು ಬೆಸ್ಟನ್‌ರನ್ನು ಮತ್ತೆ ಓದಿದರೆ ಅಧ್ಯಾಯ ಹಳತಾಗುವುದಿಲ್ಲ. ಏಕೆಂದರೆ ಅವರು ಉತ್ತರ ಕೊಡಲು ಹೋಗಿರಲಿಲ್ಲ. ಹಿಂಡು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಅವರು ಕತೆ ಮಾಡುವುದಿಲ್ಲ. ದಡದಲ್ಲೇ ನಿಲ್ಲುತ್ತಾರೆ. ಖಾಲಿ ಜಾಗ ಖಾಲಿಯಾಗಿಯೇ ಇರುತ್ತದೆ.

ಬೆಸ್ಟನ್ ಅವರ ಪುಸ್ತಕ ತಮ್ಮ ಮೇಲೆ ಪ್ರಭಾವ ಬೀರಿತ್ತೆಂದು ಹೇಳಿಕೊಂಡ ಕಾರ್ಸನ್ ಹಿಡಿದದ್ದು ಇದರ ಎದುರು ದಾರಿ. ‘ಸೈಲೆಂಟ್ ಸ್ಪ್ರಿಂಗ್’ ಬರೆಯುವುದಕ್ಕೆ ಎರಡು ದಶಕ ಮೊದಲು ಬಂದ ‘ಅಂಡರ್ ದಿ ಸೀ ವಿಂಡ್’ನಲ್ಲಿ ಎರಡು ಸ್ಯಾಂಡರ್ಲಿಂಗ್‌ಗಳಿಗೆ ಅವರು ಹೆಸರಿಡುತ್ತಾರೆ: ಬ್ಲ್ಯಾಕ್‌ಫುಟ್ ಮತ್ತು ಸಿಲ್ವರ್‌ಬಾರ್. ಅವುಗಳ ಜೊತೆ ತಾವೂ ಹಾರುತ್ತಾರೆ. ವಸಂತದಲ್ಲಿ ದಕ್ಷಿಣದಿಂದ ಹೊರಟ ಹಕ್ಕಿಗಳು ಆರ್ಕ್ಟಿಕ್ ಸೇರುತ್ತವೆ, ಹಿಮದ ಬಿರುಗಾಳಿಯನ್ನು ಎದುರಿಸುತ್ತವೆ, ಮೊಟ್ಟೆಯಿಡುತ್ತವೆ. ಬೇಸಿಗೆ ಮುಗಿಯುವಾಗ ಸ್ಯಾಂಡರ್ಲಿಂಗ್ ಹಿಂಡುಗಳು ಮತ್ತೆ ದಕ್ಷಿಣದ ಮರಳಿಗೆ ಇಳಿಯುತ್ತವೆ. ದಡದಲ್ಲಿ ನಿಂತವರಿಗೆ ಕಾಣದ ಅರ್ಧವನ್ನು ಕಾರ್ಸನ್ ಬರೆಯುತ್ತಾರೆ. ಅವರು ಮೀನುಗಾರಿಕೆ ಇಲಾಖೆಯ ಜೀವವಿಜ್ಞಾನಿ. ಹಾಗಾಗಿ ಮುನ್ನುಡಿಯಲ್ಲೇ ಒಂದು ಎಚ್ಚರಿಕೆಯ ಮಾತು ಸೇರಿಸಿದ್ದಾರೆ. ಮೀನು ಹೆದರಿತು ಎಂದು ಬರೆದಾಗ ಅದು ನಮ್ಮಂತೆಯೇ ಹೆದರುತ್ತದೆ ಎಂದಲ್ಲ, ಹೆದರಿದಂತೆ ವರ್ತಿಸುತ್ತದೆ ಎಂದರ್ಥ ಎಂಬುದು ಅವರ ಸಮಜಾಯಿಷಿ. ಪುಸ್ತಕದ ಒಳಗೆ ಈ ಎಚ್ಚರ ಬಹುಮಟ್ಟಿಗೆ ಉಳಿದಿದೆ. ಸಿಲ್ವರ್‌ಬಾರ್‌ಗೆ ಹೆಸರಿದೆ, ಸ್ವಗತವಿಲ್ಲ. ಅದರ ಹಸಿವು, ಚಳಿ, ಬೆಚ್ಚಿಬೀಳುವಿಕೆ ಇವೆ, ಅಭಿಪ್ರಾಯಗಳಿಲ್ಲ. ಇದರಿಂದ ಸಿಕ್ಕ ಲಾಭ ದೊಡ್ಡದು. ದಡದ ಮೇಲಿನ ಹಕ್ಕಿ ಒಂದು ದೀರ್ಘ ಬದುಕಿನ ಒಂದು ದಿನ ಎಂಬುದು ಓದುಗರಿಗೆ ದೇಹದಲ್ಲೇ ಅರ್ಥವಾಗುತ್ತದೆ. ನಷ್ಟವೂ ಇದೆ. ಎಲ್ಲವೂ ಗೊತ್ತಿರುವ ನಿರೂಪಕಿಯ ಪಕ್ಕದಲ್ಲಿ ಬೆರಗಿಗೆ ಜಾಗ ಕಡಿಮೆ. ಬೆಸ್ಟನ್ ಓದುವಾಗ ನಾನು ಹಕ್ಕಿಯನ್ನು ನೋಡುತ್ತೇನೆ. ಕಾರ್ಸನ್ ಓದುವಾಗ ಹಕ್ಕಿಯ ಬಗ್ಗೆ ತಿಳಿಯುತ್ತೇನೆ.

ಇಷ್ಟೇ ಆಗಿದ್ದರೆ ಬೆಸ್ಟನ್ ಗೆದ್ದರು ಎಂದು ಹೇಳಿ ಲೇಖನ ಮುಗಿಸಬಹುದಿತ್ತು. ಹಾಗೆ ಮಾಡಲು ಬಿಡದಿರುವುದು ಮೂರನೆಯ ಪುಸ್ತಕ.

ಎಸ್ಕಿಮೊ ಕರ್ಲ್ಯೂ ಎಂಬ ಬಾಗುಕೊಕ್ಕಿನ ಹಕ್ಕಿ ಒಂದು ಕಾಲದಲ್ಲಿ ಶರತ್ಕಾಲದಲ್ಲಿ ಲ್ಯಾಬ್ರಡಾರ್ ಕರಾವಳಿಗೆ ಭಾರೀ ಹಿಂಡುಗಳಲ್ಲಿ ಇಳಿಯುತ್ತಿತ್ತು. ಅಲ್ಲಿನ ಕಪ್ಪು ಹಣ್ಣು ತಿಂದು ಕೊಬ್ಬಿ, ಅಟ್ಲಾಂಟಿಕ್ ಮೇಲೆ ದಕ್ಷಿಣ ಅಮೆರಿಕಕ್ಕೆ ಹಾರುತ್ತಿತ್ತು. ಆ ಕೊಬ್ಬಿನಿಂದಾಗಿ ಬೇಟೆಗಾರರು ಅದನ್ನು ‘ಹಿಟ್ಟಿನ ಹಕ್ಕಿ’ ಎಂಬರ್ಥದ ಹೆಸರಿನಿಂದ ಕರೆದರು. ಗುಂಡೇಟು ತಿಂದು ಬಿದ್ದಾಗ ಎದೆ ಒಡೆದು ನಾದಿದ ಹಿಟ್ಟಿನಂಥ ಕೊಬ್ಬು ಕಾಣುತ್ತಿತ್ತಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಹಿಂಡುಗಳೇ ಇಲ್ಲವಾದವು. ಕೆನಡಾದ ಪತ್ರಕರ್ತ ಬಾಡ್ಸ್‌ವರ್ತ್ ಬರೆದದ್ದು ಉಳಿದ ಒಂದೇ ಒಂದು ಗಂಡು ಹಕ್ಕಿಯ ಕತೆ. ಅದಕ್ಕೆ ಹೆಸರಿಲ್ಲ. ತುಂದ್ರಾದಲ್ಲಿ ತನ್ನ ಜಾತಿಯ ಹೆಣ್ಣಿಗಾಗಿ ಕಾದು, ಬಾರದೆ, ಪ್ಲವರ್ ಹಕ್ಕಿಗಳ ಹಿಂಡು ಸೇರಿ ಸಾಗರ ದಾಟುತ್ತದೆ.

ಗದ್ಯವಾಗಿ ನೋಡಿದರೆ ಇದು ಮೂರರಲ್ಲಿ ಕೆಳಗಿನದು. ಬಾಡ್ಸ್‌ವರ್ತ್ ಹಕ್ಕಿಯ ಒಂಟಿತನವನ್ನು ಮತ್ತೆ ಮತ್ತೆ ಒತ್ತಿ ಹೇಳುತ್ತಾರೆ. ಹಕ್ಕಿಗೆ ಇದು ತಿಳಿಯದು ಎಂದು ಹೇಳುತ್ತಲೇ ನಮ್ಮ ದುಃಖವನ್ನು ಅದಕ್ಕೆ ಹೊರಿಸುತ್ತಾರೆ. ಕಾರ್ಸನ್ ಕಾಯ್ದುಕೊಂಡ ಗೆರೆಯನ್ನು ಇವರು ಹಲವು ಸಲ ದಾಟುತ್ತಾರೆ. ಆದರೆ ಇವರು ಒಂದು ಕೆಲಸ ಮಾಡಿದ್ದಾರೆ. ಕತೆಯ ಅಧ್ಯಾಯಗಳ ನಡುವೆ ಹಳೆಯ ದಾಖಲೆಗಳ ತುಣುಕುಗಳನ್ನು ಇಟ್ಟಿದ್ದಾರೆ: ಹಿಂದಿನ ಪ್ರವಾಸಿಗರು, ಪಕ್ಷಿಶಾಸ್ತ್ರಜ್ಞರು, ವಿದ್ವತ್ ಸಂಸ್ಥೆಗಳ ವರದಿಗಳು. ಮೊದಮೊದಲು ಹಿಂಡುಗಳ ಬೆರಗು, ಆಮೇಲೆ ಗಾಡಿಗಟ್ಟಲೆ ಬೇಟೆ, ಆಮೇಲೆ ಒಂದೋ ಎರಡೋ ಹಕ್ಕಿ. ಯಾವ ಭಾವವೂ ಇಲ್ಲದ ಆ ತುಣುಕುಗಳ ಪಕ್ಕದಲ್ಲಿ ಕತೆಯ ಭಾವುಕತೆ ಬೇರೆಯೇ ತೂಕ ಪಡೆಯುತ್ತದೆ. ಕಾಣದ ದಾರಿಯನ್ನು ಕಾರ್ಸನ್ ತಿಳಿವಿನಿಂದ ತುಂಬಿದರೆ ಬಾಡ್ಸ್‌ವರ್ತ್ ಲೆಕ್ಕದಿಂದ ತುಂಬುತ್ತಾರೆ. ಪುಸ್ತಕ ಬಂದ ಎಂಟು ವರ್ಷಕ್ಕೆ, 1963ರ ಸೆಪ್ಟೆಂಬರ್‌ನಲ್ಲಿ, ಬಾರ್ಬಡೋಸ್ ದ್ವೀಪದಲ್ಲಿ ಒಂದು ಎಸ್ಕಿಮೊ ಕರ್ಲ್ಯೂ ಗುಂಡೇಟಿಗೆ ಬಿತ್ತು. ಆಮೇಲೆ ಯಾರೂ ಒಪ್ಪುವಂಥ ಖಚಿತ ಪುರಾವೆ ಸಿಕ್ಕಿಲ್ಲ. ಅದೂ ಶರತ್ಕಾಲದ ದಾರಿಯಲ್ಲಿದ್ದ ಹಕ್ಕಿ.

ಈಗ ಬೆಸ್ಟನ್‌ಗೆ ಮರಳಿದರೆ ಅವರ ದೊಡ್ಡ ಮಾತಿನ ಮಿತಿ ಕಾಣುತ್ತದೆ. ಅವರು ಮರಳಿನ ಮೇಲೆ ನಿಂತು ಹಿಂಡುಗಳನ್ನು ನೋಡಿದ್ದು, ವಲಸೆ ಹಕ್ಕಿಗಳಿಗೆ ರಕ್ಷಣೆ ಕೊಟ್ಟ 1918ರ ಅಮೆರಿಕದ ಕಾಯ್ದೆ ಬಂದ ಎಂಟು ವರ್ಷಕ್ಕೆ. ಅದಕ್ಕೂ ಹಿಂದೆ ಅದೇ ಕರಾವಳಿಯಲ್ಲಿ ಈ ಹಕ್ಕಿಗಳನ್ನು ಮಾರುಕಟ್ಟೆಗಾಗಿ ರಾಶಿರಾಶಿ ಕೊಲ್ಲಲಾಗಿತ್ತು. ಬೆಸ್ಟನ್ ಸಾವನ್ನು ಕಾಣದವರಲ್ಲ. ಹಡಗಿನ ಎಣ್ಣೆ ಮೆತ್ತಿಕೊಂಡು ಸಾಯುವ ಕಡಲಹಕ್ಕಿಗಳ ಬಗ್ಗೆ ಚಳಿಗಾಲದ ಅಧ್ಯಾಯದಲ್ಲಿ ಬರೆದಿದ್ದಾರೆ. ಆದರೆ ಶರತ್ಕಾಲದ ಆ ಹಿಂಡು ಅವರಲ್ಲಿ ಕಾಲಾತೀತವಾದದ್ದು. ಹಿಂಡನ್ನು ಒಂದೇ ಜೀವವಾಗಿ ನೋಡುವವರಿಗೆ ಅದರಲ್ಲಿ ಹತ್ತು ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಜನಾಂಗ ಎಂದು ಕರೆದದ್ದು ಸರಿ, ಆದರೆ ಜನಾಂಗ ಎಂದ ಮೇಲೆ ಜನಗಣತಿಯೂ ಬೇಕು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 1970ರಿಂದೀಚೆಗೆ ಉತ್ತರ ಅಮೆರಿಕದಲ್ಲಿ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ. ನೀರಂಚಿನ ಹಕ್ಕಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಲ್ಲವಾಗಿವೆ. ಇದನ್ನು ತಿಳಿಸಿದ್ದು ಬೆರಗಲ್ಲ. ವರ್ಷ ವರ್ಷವೂ ನೋಟ್‌ಬುಕ್ ಹಿಡಿದು ಎಣಿಸಿದವರ ಬೇಸರದ ಕೆಲಸ.

ಕಾಣದ ದಾರಿ ಈಗ ಒಂದು ಅರ್ಥದಲ್ಲಿ ಕಾಣುತ್ತದೆ. 2022ರ ಅಕ್ಟೋಬರ್‌ನಲ್ಲಿ ಅಲಾಸ್ಕಾದಿಂದ ಹೊರಟ ಬಾರ್‌ಟೇಲ್ಡ್ ಗಾಡ್‌ವಿಟ್ ಎಂಬ ಹಕ್ಕಿಯ ಮರಿಯೊಂದು 11 ದಿನ ಎಲ್ಲೂ ಇಳಿಯದೆ 13,560 ಕಿಲೋಮೀಟರ್ ಹಾರಿ ಟಾಸ್ಮೇನಿಯಾ ತಲುಪಿತು. ಅದರ ಬೆನ್ನಿನ ಪುಟ್ಟ ಯಂತ್ರ ಉಪಗ್ರಹಕ್ಕೆ ದಾರಿಯನ್ನು ಹೇಳುತ್ತಾ ಹೋಯಿತು. ಕಾರ್ಸನ್ ಹೆಸರು ಕೊಟ್ಟರು, ಬಾಡ್ಸ್‌ವರ್ತ್ ಕೊಡಲಿಲ್ಲ, ಈ ಹಕ್ಕಿಗೆ ಇರುವುದು 234684 ಎಂಬ ಸಂಖ್ಯೆ. ನಕ್ಷೆಯ ಮೇಲಿನ ಆ ಗೆರೆ ನೋಡಿ ನಾನು ಬೆಸ್ಟನ್‌ರಷ್ಟೇ ಬೆರಗಾದೆ. ಹಾಗಾಗಿ ವಿಜ್ಞಾನ ಬಂದರೆ ಸಾಹಿತ್ಯಕ್ಕೆ ಕೆಲಸವಿಲ್ಲ ಎಂಬ ವಾದದಲ್ಲಿ ನನಗೆ ನಂಬಿಕೆಯಿಲ್ಲ. ಗೆರೆ ಸಿಕ್ಕಿದೆ. ನಡುಸಾಗರದಲ್ಲಿ ಒಂಬತ್ತನೆಯ ರಾತ್ರಿ ಏನಾಗಿತ್ತು ಎಂಬುದು ಈಗಲೂ ಬರೆಯುವವರಿಗೇ ಬಿಟ್ಟದ್ದು.

ಕನ್ನಡದ ಓದುಗರಿಗೆ ಇದರಲ್ಲಿ ಏನಿದೆ ಎಂದು ಕೇಳಬಹುದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ನೆನೆಯಿರಿ. ಇಡೀ ಕಾದಂಬರಿ ಬೆನ್ನಟ್ಟಿದ ಹಾರುವ ಓತಿ ಕೊನೆಗೆ ಬೆಟ್ಟದ ತುದಿಯಿಂದ ಕಣಿವೆಯ ಕಡೆಗೆ ತೇಲಿಹೋಗುತ್ತದೆ. ತೇಜಸ್ವಿ ಅದರ ಜೊತೆ ಹಾರುವುದಿಲ್ಲ. ದಡದಲ್ಲಿ ನಿಲ್ಲುವ ಸಂಯಮ ನಮಗೆ ಹೊಸದಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ತೇಜಸ್ವಿಯವರದು ಕಾಡಿನ ಅಂಚು. ಕಡಲಿನ ಅಂಚಿನ ಬಗ್ಗೆ ನಮ್ಮಲ್ಲಿ ಮೀನುಗಾರರ ಬದುಕಿನ ಒಳ್ಳೆಯ ಕತೆಗಳಿವೆ, ಹಕ್ಕಿಗಳ ಬದುಕಿನದು ಅಪರೂಪ. ಈಚೆಗೆ ಕನ್ನಡದಲ್ಲಿ ಬರುತ್ತಿರುವ ಪಕ್ಷಿಬರಹಗಳನ್ನು ಆಸೆಯಿಂದ ಓದುತ್ತೇನೆ. ಅವು ಹೆಚ್ಚಾಗಿ ಎರಡು ಕಡೆ ಜಾರುತ್ತವೆ. ಒಂದು, ಗಾತ್ರ, ಬಣ್ಣ, ಆಹಾರ, ಆವಾಸ ಎಂಬ ಪಟ್ಟಿ. ಇನ್ನೊಂದು, ಹಕ್ಕಿ ಕಂಡ ಕೂಡಲೇ ಪ್ರಕೃತಿಯ ಪಾಠ. ಪಟ್ಟಿಯಲ್ಲಿ ನೋಡಿದವರಿಲ್ಲ, ಪಾಠದಲ್ಲಿ ಹಕ್ಕಿಯಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಈ ಮೂರನ್ನು ಓದುವುದಾದರೆ ಬೆಸ್ಟನ್ ಅವರ ಎರಡನೆಯ ಅಧ್ಯಾಯದಿಂದ ಶುರುಮಾಡಿ, ಆಮೇಲೆ ಕಾರ್ಸನ್ ಅವರ ಮೊದಲ ಭಾಗ, ಕೊನೆಗೆ ಬಾಡ್ಸ್‌ವರ್ತ್ ಎಂಬ ಕ್ರಮದಲ್ಲಿ ಓದಿ ಎಂದು ನನ್ನ ಸಲಹೆ. ಮೊದಲನೆಯದು ನೋಡಲು ಕಲಿಸುತ್ತದೆ, ಎರಡನೆಯದು ಕಂಡದ್ದರ ಹಿಂದುಮುಂದು ತಿಳಿಸುತ್ತದೆ, ಮೂರನೆಯದು ಎಣಿಸದಿದ್ದರೆ ಏನಾಗುತ್ತದೆ ಎಂದು ಹೇಳುತ್ತದೆ. ನವರಾತ್ರಿಯ ಹೊತ್ತಿಗೆ ಮಳೆ ಹಿಂದೆ ಸರಿದು ನಮ್ಮ ಅಳಿವೆಗಳ ಮರಳು ಒಣಗುವಾಗ ಆರ್ಕ್ಟಿಕ್‌ನಿಂದ, ಮಧ್ಯ ಏಷ್ಯಾದಿಂದ ಹೊರಟವು ಇಲ್ಲಿಗೂ ಬಂದಿರುತ್ತವೆ. ಕಾರವಾರದಿಂದ ಮಂಗಳೂರಿನವರೆಗೆ ಯಾವ ದಂಡೆಯಾದರೂ ಆದೀತು. ಎಷ್ಟಿವೆ ಎಂದು ಎಣಿಸಿ ತಾರೀಕು ಹಾಕಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷವೂ ಅದೇ ಜಾಗದಲ್ಲಿ ಎಣಿಸಿ. ಬೆರಗಿನ ವಾಕ್ಯಗಳನ್ನು ಆ ಎರಡು ಸಂಖ್ಯೆಗಳು ಸಿಕ್ಕ ಮೇಲೆ ಬರೆಯಬಹುದು.